ತಂದೆ ತಂದೆಯಾದದ್ದು ಯಾವಾಗ? ಗಾಂಧಿ ಗಂಜಿನ ಟಿಪ್ಪಣಿಗಳು

ಎರಡನೆಯ ಕಲಮಿನಲ್ಲಿ ಒಂದು ಮಾತು ಇಲ್ಲ.

ಇಂಗ್ಲೆಂಡಿನ ಆಂಗ್ಲಿಕನ್ ಸಭೆ ತನ್ನ ವಿಶ್ವಾಸವನ್ನು 39 ಕಲಮುಗಳಲ್ಲಿ ಬರೆದಿಟ್ಟುಕೊಂಡಿದೆ. ಎರಡನೆಯದು ಕ್ರಿಸ್ತನ ಕುರಿತದ್ದು. ಆತ ದೇವರ ವಾಕ್ಯ, ತಂದೆಯಿಂದ ಅನಾದಿಯಲ್ಲೇ ಜನಿಸಿದ ಮಗ, ತಂದೆಯ ಸತ್ವವೇ ಆತನ ಸತ್ವ ಎಂಬುದು ಅದರ ತಾತ್ಪರ್ಯ. 1784ರಲ್ಲಿ ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಅಮೆರಿಕದ ಮೆಥೊಡಿಸ್ಟರಿಗೆಂದು ಈ 39ನ್ನು 24ಕ್ಕೆ ಇಳಿಸಿ ಕಳಿಸಿದ. ಎರಡನೆಯ ಕಲಮು ಉಳಿಯಿತು. ಅದರೊಳಗಿದ್ದ ಅನಾದಿ ಜನನದ ಮಾತು ಉಳಿಯಲಿಲ್ಲ. ಅದೇ ವರ್ಷ ಕ್ರಿಸ್‌ಮಸ್ ಹೊತ್ತಿಗೆ ಬಾಲ್ಟಿಮೋರಿನಲ್ಲಿ ಕೂಡಿದ ಸಭೆ ಅಮೆರಿಕದ ಆಡಳಿತಗಾರರ ಬಗ್ಗೆ ಒಂದು ಕಲಮು ಸೇರಿಸಿ 25 ಮಾಡಿಕೊಂಡಿತು. ಸುಮಾರು ನೂರು ವರ್ಷದ ಮೇಲೆ ಅಮೆರಿಕದ ಮೆಥೊಡಿಸ್ಟ್ ಮಿಶನರಿಗಳು ನಿಜಾಮನ ಸೀಮೆಗೆ ಬಂದರು. ಕಲಬುರಗಿ, ಬೀದರ, ಹುಮನಾಬಾದ, ವಿಕಾರಾಬಾದ ಎಂದು ಊರೂರಿಗೆ ಹೋದರು. ಅವರ ಜತೆ ಬಂದದ್ದು ಈ 25 ಕಲಮುಗಳು, ಆ ಒಂದು ಮಾತಿಲ್ಲದೆ.

*

ನಾನು ಕ್ರೈಸ್ತನಲ್ಲ. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಒಂದು ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ತೊಗರಿ, ಉದ್ದು, ಸೋಯಾ ಬರುವ ಹಂಗಾಮಿನಲ್ಲಿ ತಲೆ ಎತ್ತಲು ಬಿಡುವಿಲ್ಲ. ಉಳಿದ ದಿನಗಳಲ್ಲಿ ಲಿಲಾವು ಮುಗಿದು ಹಮಾಲರು ಊಟಕ್ಕೆ ಕೂತ ಮೇಲೆ ಓದಲು ಸಮಯ ಸಿಗುತ್ತದೆ. ಮಂಗಲಪೇಟೆಯ ಕಡೆಯ ಒಬ್ಬ ನಿವೃತ್ತ ಮಾಸ್ತರರು ಆ ಹೊತ್ತಿಗೆ ಬಂದು ಕೂಡುತ್ತಾರೆ. ಅಜ್ಜನ ಕಾಲದಿಂದ ಮೆಥೊಡಿಸ್ಟರು. ಈ ಪ್ರಶ್ನೆ ನನಗೆ ಅಂಟಿಕೊಂಡದ್ದು ಅವರಿಂದ.

"ಮುನೀಮರ, ನಮ್ಮ ಮೊಮ್ಮಗ ಬೆಂಗಳೂರಿಂದ ಫೋನ್ ಮಾಡಿ ಕೇಳ್ಲತ್ತಾನ. ಬೇತ್ಲೆಹೇಮದಾಗ ಹುಟ್ಟೋಕಿಂತ ಮೊದಲ ಯೇಸು ಇದ್ದ, ಅದು ಖರೇ. ಖರೇ ಆದ್ರ ಆವಾಗ ಆತ ಮಗಾ ಇದ್ದನೇನು ಅಂತ."

"ನೀವು ಏನಂದ್ರಿ ಸರ್?"

"ಇದ್ದ ಅಂದೆ. ಎಲ್ಲಿ ಬರದದ ತೋರಸು ತಾತಾ ಅಂದ. ಅಲ್ಲಿಗಿ ನಿಂತದ ನೋಡ್ರಿ ಮಾತು."

*

ಗಂಜಿನ ಬೋರ್ಡುಗಳ ಮೇಲೆ ಎಷ್ಟೋ ಕಡೆ 'ಅಂಡ್ ಸನ್ಸ್' ಎಂದಿದೆ. ಅಂಗಡಿ ಮೊದಲು, ಮಗ ಆಮೇಲೆ, ಬೋರ್ಡಿನ ಬಣ್ಣ ಅದಕ್ಕೂ ಆಮೇಲೆ. ಮಗ ಹುಟ್ಟುವ ತನಕ ಸೇಠ್ ಬರೀ ಸೇಠ್, ಅಪ್ಪ ಅಲ್ಲ. ಮಗ ಎಂದ ಮೇಲೆ ಅಪ್ಪನಿಗಿಂತ ಕಿರಿಯ, ಅನಾದಿ ಎಂದ ಮೇಲೆ ಯಾರಿಗೂ ಕಿರಿಯನಲ್ಲ. ಹಾಗಾದರೆ 'ಅನಾದಿಯಾದ ಮಗ' ಎಂದು ಒಂದೇ ಉಸಿರಿನಲ್ಲಿ ಹೇಳುವುದು ಹೇಗೆ?

ಇದು ಗಂಜಿನವನಿಗೆ ಮಾತ್ರ ಹೊಳೆಯುವ ಒರಟು ಪ್ರಶ್ನೆ ಅಂದುಕೊಂಡಿದ್ದೆ. ಮೆಥೊಡಿಸ್ಟರಲ್ಲೇ ಅತ್ಯಂತ ದೊಡ್ಡ ಪಂಡಿತನೊಬ್ಬ ಇದನ್ನೇ ಕೇಳಿದ್ದ.

*

ಆಡಮ್ ಕ್ಲಾರ್ಕ್. ಐರ್ಲೆಂಡಿನ ಉತ್ತರ ಭಾಗದಲ್ಲಿ ಹುಟ್ಟಿದವನು. 1782ರಲ್ಲಿ ವೆಸ್ಲಿಯೇ ಅವನ ತಲೆಯ ಮೇಲೆ ಕೈಯಿಟ್ಟು ಪ್ರಚಾರಕ್ಕೆ ಕಳಿಸಿದ. ಕುದುರೆಯ ಮೇಲೆ ಊರೂರು ಸುತ್ತುತ್ತಲೇ ಹೀಬ್ರೂ, ಗ್ರೀಕ್, ಸಿರಿಯಾಕ್, ಅರಬಿ, ಪಾರಸಿ ಕಲಿತ. ಬ್ರಿಟಿಷ್ ಮೆಥೊಡಿಸ್ಟರ ಕಾನ್ಫರೆನ್ಸಿಗೆ ಮೂರು ಸಲ ಅಧ್ಯಕ್ಷನಾದ. 1810ರಿಂದ 1826ರವರೆಗೆ ಇಡೀ ಬೈಬಲಿಗೆ ಭಾಷ್ಯ ಬರೆದ. 1818ರಲ್ಲಿ ಸಿಂಹಳದಿಂದ ಇಂಗ್ಲೆಂಡಿಗೆ ಹೋದ ಇಬ್ಬರು ಬೌದ್ಧ ಭಿಕ್ಷುಗಳಿಗೆ ಕ್ರೈಸ್ತ ಮತವನ್ನು ಕಲಿಸಿದವನೂ ಇವನೇ. ಆ ಇಬ್ಬರ ಮುಂದೆ ಕೂತು ದೇವರ ಮಗ ಎಂಬುದನ್ನು ಇವನು ಹೇಗೆ ವಿವರಿಸಿದ್ದಾನು ಎಂದು ಆಗಾಗ ಯೋಚಿಸುತ್ತೇನೆ. 1832ರಲ್ಲಿ ಲಂಡನ್ನಿಗೆ ಕಾಲರಾ ಬಂದಾಗ ತೀರಿಕೊಂಡ.

ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ದೇವದೂತ ಮರಿಯಳಿಗೆ ಸುದ್ದಿ ಹೇಳುತ್ತಾನೆ: ಪವಿತ್ರಾತ್ಮ ನಿನ್ನ ಮೇಲೆ ಬರುವನು, ಆದಕಾರಣ ಹುಟ್ಟುವ ಆ ಪವಿತ್ರ ಶಿಶು ದೇವರ ಮಗ ಅನ್ನಿಸಿಕೊಳ್ಳುವುದು ಎಂಬ ಅರ್ಥದ ಮಾತು, 35ನೆಯ ವಚನ. ಕ್ಲಾರ್ಕ್ ಹಿಡಿದದ್ದು ಆ 'ಆದಕಾರಣ'ವನ್ನು. ಮಗ ಎಂಬ ಹೆಸರಿಗೆ ದೂತನೇ ಕಾರಣ ಕೊಟ್ಟಿದ್ದಾನೆ, ಆ ಕಾರಣ ಮರಿಯಳ ಗರ್ಭದಲ್ಲಿ ನಡೆದದ್ದು, ಅಂದ ಮೇಲೆ ಹೆಸರು ಸಲ್ಲುವುದು ಆಗಿನಿಂದಲೇ. ಅದಕ್ಕೂ ಮೊದಲು ಇದ್ದದ್ದು ವಾಕ್ಯ. ಆ ವಾಕ್ಯ ಪೂರ್ತಿ ದೇವರು, ಅನಾದಿ, ಯಾರಿಂದಲೂ ಬಂದದ್ದಲ್ಲ. ದೈವತ್ವದ ಲೆಕ್ಕದಲ್ಲೇ ಆತನನ್ನು ಮಗ ಎಂದರೆ ಆತನಿಗಿಂತ ಮೊದಲು ತಂದೆ ಇದ್ದ ಎಂದಂತಾಗುತ್ತದೆ. ಮೊದಲು ಯಾರೋ ಇದ್ದರೆ ಈತ ಅನಾದಿಯಲ್ಲ, ಅನಾದಿಯಲ್ಲದವನು ದೇವರೇ ಅಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಇದನ್ನು ಬಿಟ್ಟರೆ ಕ್ಲಾರ್ಕನಿಗೆ ಅನ್ಯಾಯ ಮಾಡಿದಂತೆ. ಕ್ರಿಸ್ತನನ್ನು ಕೆಳಗಿಳಿಸಲು ಅವನು ಇದನ್ನು ಹೇಳಲಿಲ್ಲ. ಮಗ ಎಂಬ ಹೆಸರಿನ ಮೂಲಕ ಆತನ ದೇವತ್ವಕ್ಕೇ ಕುಂದು ಬಂದೀತು ಎಂಬ ಭಯದಿಂದ ಹೇಳಿದ. ಭಕ್ತನ ಭಯ ಅದು.

*

ಆರಿಯಸನನ್ನೂ ಕ್ಲಾರ್ಕನನ್ನೂ ಒಂದೇ ಚೀಲಕ್ಕೆ ತುಂಬಬಾರದು.

ಅಲೆಕ್ಸಾಂಡ್ರಿಯದ ಆರಿಯಸ್ 318ರ ಸುಮಾರಿಗೆ ಹೇಳಿದ್ದು ಬೇರೆ. ಮಗ ಸೃಷ್ಟಿಯಾದವನು, ಎಲ್ಲಕ್ಕಿಂತ ಮೊದಲ ಸೃಷ್ಟಿ, ಆದರೂ ಸೃಷ್ಟಿಯೇ. ಆತ ಇಲ್ಲದ ಒಂದು ಅವಸ್ಥೆ ಇತ್ತು. 325ರಲ್ಲಿ ನೈಸಿಯದಲ್ಲಿ ಕೂಡಿದ ಬಿಷಪ್ಪರು ಅದನ್ನು ತಳ್ಳಿಹಾಕಿದರು. ಮಗ ಜನಿಸಿದವನು, ಮಾಡಲ್ಪಟ್ಟವನಲ್ಲ ಎಂದು ವಿಶ್ವಾಸ ಪ್ರಮಾಣದಲ್ಲೇ ಬರೆದರು. ಆ ಪ್ರಮಾಣಕ್ಕೆ 2025ಕ್ಕೆ 1700 ವರ್ಷವಾಯಿತು. ಕ್ಲಾರ್ಕನ ಪ್ರಕಾರ ಕ್ರಿಸ್ತ ಅನಾದಿ, 'ಮಗ' ಎಂಬ ಸಂಬಂಧಕ್ಕೆ ಮಾತ್ರ ಆದಿ ಇದೆ. ಆರಿಯಸನ ಪ್ರಕಾರ ಕ್ರಿಸ್ತನಿಗೂ ಆ ಸಂಬಂಧಕ್ಕೂ ಎರಡಕ್ಕೂ ಆದಿ ಇದೆ. ಇಬ್ಬರೂ ಹೊರಟದ್ದು ಮಾತ್ರ ಒಂದೇ ಕಡೆಯಿಂದ. ಮಗ ಎಂದರೆ ಆಮೇಲೆ ಬಂದವನು ಎಂಬ ಲೋಕದ ಅನುಭವದಿಂದ.

*

380ರ ದಶಕದಲ್ಲಿ ನಿಸ್ಸಾದ ಗ್ರೆಗರಿ ಎಂಬ ಬಿಷಪ್ ಕಾನ್‌ಸ್ಟಾಂಟಿನೋಪಲ್ ಪೇಟೆಯ ಬಗ್ಗೆ ಬೇಸರದಿಂದ ಹೇಳಿಕೊಂಡಿದ್ದಾನೆ. ಚಿಲ್ಲರೆ ಕೊಡುವವನಿಂದ ಹಿಡಿದು ರೊಟ್ಟಿ ಮಾರುವವನ ತನಕ ಎಲ್ಲರಿಗೂ ಇದೇ ಮಾತು. ಬೆಲೆ ಕೇಳಿದರೆ ತಂದೆ ದೊಡ್ಡವನು, ಮಗ ಅವನ ಕೆಳಗಿನವನು ಎಂಬ ಉತ್ತರ ಬರುತ್ತಿತ್ತಂತೆ. ಆರಿಯಸ್ ತನ್ನ ಮತವನ್ನು ಹಡಗಿನವರಿಗೆ, ಗಿರಣಿಯವರಿಗೆ, ದಾರಿ ನಡೆಯುವವರಿಗೆ ಹಾಡು ಮಾಡಿ ಕೊಟ್ಟಿದ್ದ ಎಂಬ ದಾಖಲೆಯೂ ಇದೆ. ಗ್ರೆಗರಿಗೆ ಬೇಸರ ಬಂದದ್ದು ಸರಿ ಇರಬಹುದು. ಪೇಟೆಯವರು ಇಂಥ ಪ್ರಶ್ನೆಗೆ ತಲೆ ಕೆಡಿಸಿಕೊಂಡದ್ದು ನನಗೆ ಮೆಚ್ಚುಗೆಯ ಸಂಗತಿ. ತೊಗರಿಯ ಭಾವ ಕೇಳಲು ಬಂದವನ ಜತೆ ದೇವರು ಅನಾದಿಯಲ್ಲಿ ಒಂಟಿಯಾಗಿದ್ದನೋ ಇಲ್ಲವೋ ಎಂದು ಮಾತಾಡುವುದರಲ್ಲಿ ಕೆಟ್ಟದ್ದೇನಿದೆ?

*

ಕ್ಲಾರ್ಕನಿಗೆ ಉತ್ತರ ಕೊಟ್ಟವನು ರಿಚರ್ಡ್ ವಾಟ್ಸನ್, ಅವನಿಗಿಂತ ಎಷ್ಟೋ ಚಿಕ್ಕವನು, 1781ರಲ್ಲಿ ಹುಟ್ಟಿದವನು. 1818ರಲ್ಲಿ ಪುಸ್ತಕ ಬರೆದ. ಕ್ರಿಸ್ತನ ನಿತ್ಯಪುತ್ರತ್ವ (ಅಂದರೆ ಆತ ಅನಾದಿಯಿಂದಲೇ ಮಗ ಎಂಬುದು) ಮತ್ತು ದೈವಪ್ರಕಟನೆಯ ವಿಷಯದಲ್ಲಿ ಬುದ್ಧಿಯ ಬಳಕೆ, ಎರಡೂ ಅದರ ಹೆಸರಿನಲ್ಲೇ ಇವೆ. ಈ ಎರಡನೆಯ ಭಾಗ ನನ್ನನ್ನು ಹಿಡಿದು ನಿಲ್ಲಿಸಿತು. ಅವನ ವಾದ ಹೀಗೆ: ಮನುಷ್ಯರಲ್ಲಿ ಅಪ್ಪ ಮೊದಲು, ಮಗ ಆಮೇಲೆ, ಅದು ನಿಜ. ಆದರೆ ಅದು ಮನುಷ್ಯರು ಕಾಲದೊಳಗೆ ಹುಟ್ಟುವುದರಿಂದ ಬಂದ ಸಂಗತಿ. ಅದನ್ನು ತಂದೆ–ಮಗ ಎಂಬ ಸಂಬಂಧದ ತಿರುಳು ಎಂದು ಹಿಡಿದರೆ, ಕಾಲವನ್ನೇ ಉಂಟುಮಾಡಿದ ದೇವರನ್ನು ನಮ್ಮ ಮನೆಯ ಅಳತೆಗೋಲಿನಿಂದ ಅಳೆದಂತೆ.

ಇನ್ನೊಂದು ಮಾತು. ದೇವರು ತನ್ನ ಮಗನನ್ನು ಕಳಿಸಿದ ಎಂದು ಪೌಲ, ಯೋಹಾನ ಇಬ್ಬರೂ ಬರೆಯುತ್ತಾರೆ. ಕಳಿಸುವಾಗ ಆತ ಮಗನಾಗಿದ್ದರಲ್ಲವೇ ಮಗನನ್ನು ಕಳಿಸಿದ ಎನ್ನುವುದು? ಯೋಹಾನನ ಐದನೆಯ ಅಧ್ಯಾಯದಲ್ಲಿ, ದೇವರು ತನ್ನ ಸ್ವಂತ ತಂದೆ ಎಂದದ್ದಕ್ಕೇ ಯೆಹೂದ್ಯರು ಆತನನ್ನು ಕೊಲ್ಲಲು ನೋಡುತ್ತಾರೆ, ಇವನು ತನ್ನನ್ನು ದೇವರಿಗೆ ಸಮ ಮಾಡಿಕೊಂಡ ಎಂದು. ಮಗ ಎಂಬ ಹೆಸರಿಗೆ ಅಲ್ಲಿ ಯಾರೂ 'ಕಿರಿಯ' ಎಂದು ಅರ್ಥ ಹಚ್ಚಲಿಲ್ಲ. 'ಸಮಾನ' ಎಂದೇ ತಿಳಿದರು.

1820ರ ದಶಕದಲ್ಲಿ ಬ್ರಿಟಿಷ್ ಮೆಥೊಡಿಸ್ಟ್ ಕಾನ್ಫರೆನ್ಸು ಹೊಸದಾಗಿ ಪ್ರಚಾರಕರಾಗುವವರು ನಿತ್ಯಪುತ್ರತ್ವವನ್ನು ಒಪ್ಪುತ್ತೇವೆಂದು ಹೇಳಲೇಬೇಕು ಎಂದು ಕಟ್ಟುಮಾಡಿತು. ವಾಟ್ಸನ್ ಗೆದ್ದ. ಆದರೆ ಅವನ ಪುಸ್ತಕ ಬಂದು ನಾಲ್ಕು ವರ್ಷದ ಮೇಲೆ, 1822ರಲ್ಲಿ, ಅದೇ ಕಾನ್ಫರೆನ್ಸು ಕ್ಲಾರ್ಕನನ್ನು ಮೂರನೆಯ ಸಲ ಅಧ್ಯಕ್ಷನನ್ನಾಗಿ ಆರಿಸಿತ್ತು. ತಪ್ಪು ಎಂದು ಕಂಡದ್ದನ್ನು ತಪ್ಪು ಎಂದರು, ಮನುಷ್ಯನನ್ನು ಹೊರಗೆ ಹಾಕಲಿಲ್ಲ. ನಮ್ಮ ಸೀಮೆಯ ಮಠ–ಪೀಠಗಳ ಜಗಳ ಕಂಡವನಿಗೆ ಇದು ಬರೆದಿಟ್ಟುಕೊಳ್ಳಬೇಕಾದ ಸಂಗತಿ.

*

ಇನ್ನು ಬೀದರಿನ ಮಣ್ಣಿನಲ್ಲೇ ಸಿಕ್ಕಿದ ಒಂದು ಬೆಳಕು.

ಮಗ ಎಂದರೇನು ಎಂಬ ಬಗ್ಗೆ ಬಂಗಾಳದ ಕಡೆ ಬಿಟ್ಟರೆ ಭಾರತದ ಬಹುತೇಕ ಹಿಂದೂಗಳು ನೂರಾರು ವರ್ಷ ಅನುಸರಿಸಿದ ಕಾನೂನು ಹುಟ್ಟಿದ್ದು ನಮ್ಮ ಜಿಲ್ಲೆಯ ಬಸವಕಲ್ಯಾಣದಲ್ಲಿ. ಆಗ ಅದು ಚಾಲುಕ್ಯರ ಕಲ್ಯಾಣ. ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಬರೆದ. ಬಂಗಾಳದ ದಾಯಭಾಗ ಪದ್ಧತಿಯಲ್ಲಿ ಅಪ್ಪ ಸತ್ತ ಮೇಲೆ ಮಗನಿಗೆ ಹಕ್ಕು. ವಿಜ್ಞಾನೇಶ್ವರನಲ್ಲಿ ಹಾಗಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಅಪ್ಪ ಬದುಕಿರುವಾಗಲೇ ಮಗ ಸಮಪಾಲಿನ ಒಡೆಯ. ಅಪ್ಪ ಕೊಟ್ಟದ್ದರಿಂದ ಬಂದ ಹಕ್ಕಲ್ಲ, ಮಗನಾಗಿರುವುದರಿಂದಲೇ ಇರುವ ಹಕ್ಕು. (2005ರ ತಿದ್ದುಪಡಿಯ ಮೇಲೆ ಮಗಳಿಗೂ. ಅದು ಎಂದೋ ಆಗಬೇಕಾಗಿತ್ತು.)

ಇಬ್ರಿಯರ ಪತ್ರಿಕೆಯ ಮೊದಲ ಅಧ್ಯಾಯ ಮಗನನ್ನು ಎಲ್ಲಕ್ಕೂ ಬಾಧ್ಯಸ್ಥ ಎನ್ನುತ್ತದೆ. ಇಂಗ್ಲೆಂಡಿನವನ ಕಿವಿಗೆ ಬಾಧ್ಯಸ್ಥ ಎಂದರೆ ಮುಂದೆ ಯಾವತ್ತೋ ಪಡೆಯುವವನು, ಈಗ ಕಡಿಮೆ ಇರುವವನು. ಕಲ್ಯಾಣದ ಸೀಮೆಯವನ ಕಿವಿಗೆ ಬಾಧ್ಯಸ್ಥ ಎಂದರೆ ಈಗಾಗಲೇ ಸಮಾನನಾಗಿರುವವನು. ಮಗ ಎಂಬ ಹೆಸರಿನಲ್ಲಿ ಕಿರಿತನ ಇದೆ ಎಂಬ ಕ್ಲಾರ್ಕನ ಅರ್ಧ ಭಯವನ್ನು ವಿಜ್ಞಾನೇಶ್ವರ ಕಳೆಯುತ್ತಾನೆ. ಇನ್ನರ್ಧ, ಅಂದರೆ ಕಾಲದ ಪ್ರಶ್ನೆ, ಹಾಗೇ ನಿಲ್ಲುತ್ತದೆ. ಮಿತಾಕ್ಷರೆಯ ಮಗನೂ ಒಂದು ದಿನ ಹುಟ್ಟಲೇಬೇಕು.

ಮಾಸ್ತರರಿಗೆ ಇದನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಇದು ನಮ್ಮ ಪಾದ್ರಿಗೋಳಿಗಿ ಯಾರೂ ಕಲಿಸಿಲ್ರಿ" ಎಂದರು.

*

ಗಂಜಿನ ಒಂದು ಮಾರವಾಡಿ ಅಂಗಡಿಯಲ್ಲಿ ತುಳಸೀದಾಸರ ರಾಮಚರಿತಮಾನಸ ಓದುತ್ತಾರೆ. ಬಾಲಕಾಂಡದಲ್ಲಿ ಶಿವ–ಪಾರ್ವತಿಯರ ಮದುವೆ. ಮುನಿಗಳು ಹೇಳಿದಂತೆ ವಧೂವರರು ಮೊದಲು ಗಣಪತಿಗೆ ಪೂಜೆ ಮಾಡುತ್ತಾರೆ. ಅಪ್ಪ–ಅವ್ವನ ಲಗ್ನದಲ್ಲಿ ಮಗನ ಪೂಜೆ! ಕೇಳುವವರಿಗೆ ಸಂಶಯ ಬಂದೀತೆಂದು ತುಳಸೀದಾಸರೇ ತಡೆದು, ದೇವತೆಗಳು ಅನಾದಿ ಎಂದು ತಿಳಿದುಕೊಳ್ಳಿ ಎನ್ನುತ್ತಾರೆ.

ಮೊದಲು ಇದು ಅದೇ ಪ್ರಶ್ನೆ, ಅದೇ ಉತ್ತರ ಎಂದು ಕಂಡಿತು. ಎರಡನೆಯ ಸಲ ಯೋಚಿಸಿದಾಗ ಅಲ್ಲ ಎನಿಸಿತು. ತುಳಸೀದಾಸರಿಗೆ ಗಣಪತಿ ಅನಾದಿಯಾದರೆ ಸಾಕು. ಆತ ಶಿವನ ಮಗ ಎಂಬುದು ಅನಾದಿಯಾಗಬೇಕಿಲ್ಲ. ಕ್ಲಾರ್ಕ್ ಕ್ರಿಸ್ತನ ಬಗ್ಗೆ ಹೇಳಿದ್ದು ಹೆಚ್ಚುಕಡಿಮೆ ಅಷ್ಟನ್ನೇ. ನೈಸಿಯದವರಿಗೆ ಅದು ಸಾಲಲಿಲ್ಲ. ಸಂಬಂಧವೇ ಅನಾದಿಯಾಗಬೇಕು ಎಂದು ಅವರು ಹಟ ಹಿಡಿದರು. ಯಾಕೆ ಅಷ್ಟು ಹಟ?

*

ಬೀದರಿನಲ್ಲಿ ಕೂತು ಈ ಮಾತಾಡುವಾಗ ಮುಸಲ್ಮಾನ ನೆರೆಯವರನ್ನು ಮರೆಯಲಾಗದು. 1472ರಲ್ಲಿ ಮುಗಿದ ಮಹಮೂದ್ ಗವಾನನ ಮದರಸಾ ಇರುವ ಊರು ಇದು. ಕುರಾನಿನ 112ನೆಯ ಸೂರಾ ದೇವರಿಗೆ ಹುಟ್ಟಿಸುವುದೂ ಇಲ್ಲ, ಹುಟ್ಟುವುದೂ ಇಲ್ಲ ಎಂದು ಸಾರುತ್ತದೆ. ದೇವರಿಗೆ ಮಗ ಎಂದರೆ ಅವರಿಗೆ ಹೆಂಡತಿ–ಮಕ್ಕಳ ಸಂಸಾರದ ಮಾತು ಕೇಳಿದಂತೆ. ಹಾಗಲ್ಲ ಎಂದು ಕ್ರೈಸ್ತರೂ ಅಷ್ಟೇ ಗಟ್ಟಿಯಾಗಿ ಹೇಳುತ್ತಾರೆ.

ಆದರೆ ಮುಸಲ್ಮಾನರ ಮನೆಯಲ್ಲೂ ಇದರ ನೆಂಟನಾದ ಒಂದು ಜಗಳ ನಡೆದಿದೆ. ದೇವರ ಮಾತಾದ ಕುರಾನು ಸೃಷ್ಟಿಯೋ, ಸೃಷ್ಟಿಯಾಗದ್ದೋ? ಬಾಗ್ದಾದಿನ ಖಲೀಫ ಮಾಮೂನ್ 833ರಲ್ಲಿ ಸೃಷ್ಟಿ ಎಂದು ಒಪ್ಪುವಂತೆ ವಿದ್ವಾಂಸರನ್ನು ವಿಚಾರಣೆಗೆ ನಿಲ್ಲಿಸಿದ. ಅಹ್ಮದ್ ಇಬ್ನ್ ಹನ್ಬಲ್ ಒಪ್ಪದೆ ಸೆರೆಮನೆ ಕಂಡರು, ಛಡಿಯೇಟು ತಿಂದರು. ಕೊನೆಗೆ ಸುನ್ನಿಗಳಲ್ಲಿ ನಿಂತದ್ದು ಅವರ ಮಾತೇ. ದೇವರು ಮಾತಿಲ್ಲದೆ ಎಂದೂ ಇರಲಿಲ್ಲ ಎಂದು ಒಂದು ಕಡೆ. ದೇವರು ಮಗನಿಲ್ಲದೆ ಎಂದೂ ಇರಲಿಲ್ಲ ಎಂದು ಇನ್ನೊಂದು ಕಡೆ.

*

ವೆಸ್ಲಿ ಎರಡನೆಯ ಕಲಮಿನ ಆ ಮಾತನ್ನು ಯಾಕೆ ಬಿಟ್ಟ?

ನಂಬುತ್ತಿರಲಿಲ್ಲವೇ? ನಂಬುತ್ತಿದ್ದ. 1755ರಲ್ಲಿ ಹೊಸ ಒಡಂಬಡಿಕೆಗೆ ಅವನು ಬರೆದ ಟಿಪ್ಪಣಿಗಳಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ ಒಂದನೆಯ ಅಧ್ಯಾಯ, ಐದನೆಯ ವಚನದ ಹತ್ತಿರ ಸಾಕ್ಷಿ ಇದೆ. ಎರಡನೆಯ ಕೀರ್ತನೆಯಿಂದ ಬಂದ ವಚನ ಅದು. 'ಈ ದಿನ' ನಾನು ನಿನ್ನನ್ನು ಪಡೆದೆ ಎಂದು ತಂದೆ ಮಗನಿಗೆ ಹೇಳುವ ಜಾಗ. ದಿನ ಎಂದ ಕೂಡಲೇ ಎಲ್ಲರೂ ಎಡವುತ್ತಾರೆ. ವೆಸ್ಲಿ ಎಡವುವುದಿಲ್ಲ. ಆ ದಿನ ನಿತ್ಯತ್ವವೇ, ಒಂದರ ಹಿಂದೆ ಒಂದು ಬರುವ ದಿನಗಳ ಸಾಲಿಗೆ ಸೇರದ, ಮುಗಿಯದ ಒಂದೇ ದಿನ ಎಂದು ಬಿಡಿಸಿ ಹೇಳುತ್ತಾನೆ.

ಹಾಗಾದರೆ 1784ರಲ್ಲಿ ಏನಾಯಿತು? ಒಂದು ಸುಳಿವು 1775ರ ಅವನ ತ್ರಯೇಕತ್ವದ ಪ್ರಸಂಗದಲ್ಲಿದೆ. ತಂದೆ, ಮಗ, ಪವಿತ್ರಾತ್ಮ ಒಬ್ಬನೇ ದೇವರು ಎಂಬುದನ್ನು ನಂಬು. ಹೇಗೆ ಎಂಬ ವಿವರಣೆಯನ್ನು ನಂಬಲೇಬೇಕೆಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. 'ತ್ರಯೇಕ' ಎಂಬ ಶಬ್ದವನ್ನೇ ಬಳಸಬೇಕೆಂದೂ ಕೇಳುವುದಿಲ್ಲ. ಇದು ಅವನ ನಿಲುವು. ಅಮೆರಿಕಕ್ಕೆ ಕಳಿಸಿದ ಆರಾಧನಾ ಪುಸ್ತಕದಲ್ಲಿ ಅಥನಾಸಿಯಸನ ಹೆಸರಿನ ಪ್ರಮಾಣವನ್ನೂ ಅವನು ಉಳಿಸಲಿಲ್ಲ. ಒಪ್ಪದವರನ್ನು ಶಪಿಸುವ ವಾಕ್ಯಗಳು ಅದರಲ್ಲಿದ್ದವು. ಹುಟ್ಟುವ ಬಗೆಯನ್ನು ಕಲಮಿನೊಳಗೆ ಕಟ್ಟಿಹಾಕುವುದು ಬೇಡ ಎಂದುಕೊಂಡು ಬಿಟ್ಟನೆಂದು ನನ್ನ ತಿಳಿವಳಿಕೆ. ಅವನು ಬಿಟ್ಟುಕೊಟ್ಟ ಜಾಗದಲ್ಲಿ ಅವನ ಸ್ವಂತ ಶಿಷ್ಯ ಬಂದು ನಿಂತ.

ಅಮೆರಿಕದ ಮೆಥೊಡಿಸ್ಟರು 1808ರಲ್ಲಿ ಈ ಕಲಮುಗಳನ್ನು ಜನರಲ್ ಕಾನ್ಫರೆನ್ಸು ಬದಲಿಸಕೂಡದು ಎಂದು ನಿಯಮ ಹಾಕಿಕೊಂಡರು. ಬಿಟ್ಟದ್ದು ಬಿಟ್ಟಹಾಗೇ ಉಳಿಯಿತು.

*

ಇದರಿಂದ ಕನ್ನಡ ನಾಡಿನಲ್ಲಿ ಒಂದು ವಿಚಿತ್ರ ಸ್ಥಿತಿ.

ಮೈಸೂರು ಸಂಸ್ಥಾನಕ್ಕೆ ಬಂದವರು ಬ್ರಿಟಿಷ್ ವೆಸ್ಲಿಯನ್ನರು. 1887ರಲ್ಲಿ ಮೈಸೂರಿನಿಂದ 'ವೃತ್ತಾಂತ ಪತ್ರಿಕೆ' ಹೊರಡಿಸಿದವರು ಅವರೇ. ವಾಟ್ಸನ್ ಗೆದ್ದ ಮನೆಯಿಂದ ಬಂದವರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದಾಗ ಅವರು ಅದರೊಳಗೆ ಸೇರಿದರು. ಆ ಸಭೆ ಅಪೊಸ್ತಲರ ಪ್ರಮಾಣದ ಜತೆ ನೈಸಿಯದ ಪ್ರಮಾಣವನ್ನೂ ತನ್ನ ಬುನಾದಿಯಲ್ಲಿಟ್ಟುಕೊಂಡಿದೆ. ನಮ್ಮ ಬೀದರ–ಕಲಬುರಗಿಯವರು ಅಮೆರಿಕದ ಮನೆಯವರು. 1947ರಲ್ಲಿ ಸೇರದೆ ಉಳಿದರು. 1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆಯಾಗಿ ಸ್ವತಂತ್ರರಾದರು. ಒಂದೇ ವೆಸ್ಲಿ, ಒಂದೇ ಕನ್ನಡ, ಒಂದೇ ಬೈಬಲು. ತುಮಕೂರಿನ ಮಿಶನ್ ಕ್ರೈಸ್ತನ ಹಿಂದೆ ನಿತ್ಯಪುತ್ರತ್ವವನ್ನು ಬಾಯಿಬಿಟ್ಟು ಒಪ್ಪಬೇಕೆಂಬ ಕಟ್ಟಳೆ ಇದೆ. ಬೀದರಿನವನ ಹಿಂದೆ ಆ ಮಾತಿಲ್ಲದ ಕಲಮು ಇದೆ.

ಹಾಗಂತ ಬೀದರಿನವರು ಕ್ಲಾರ್ಕನ ಪಂಥದವರೇನಲ್ಲ. ಆರಾಧನೆಯಲ್ಲಿ ಒಂದು ಚಿಕ್ಕ ಸ್ತುತಿ ಹಾಡುತ್ತಾರೆ. ತಂದೆಗೂ ಮಗನಿಗೂ ಪವಿತ್ರಾತ್ಮನಿಗೂ ಮಹಿಮೆ ಹೇಳಿ, ಅದು ಮೊದಲಿನಿಂದ ಹೀಗೇ ಇತ್ತು, ಈಗಲೂ ಇದೆ, ಮುಂದೂ ಇರುತ್ತದೆ ಎಂದು ಮುಗಿಸುವ ಸ್ತುತಿ. ಎಂಟು ವರ್ಷದ ಮಕ್ಕಳಿಗೂ ಬಾಯಿಪಾಠ. 529ರಲ್ಲಿ ಫ್ರಾನ್ಸಿನ ವೇಸೋನಿನಲ್ಲಿ ಕೂಡಿದ ಒಂದು ಸಭೆ ಈ 'ಮೊದಲಿನಿಂದ' ಎಂಬ ಭಾಗ ಯಾಕೆ ಎಂದು ದಾಖಲಿಸಿದೆ. ಮಗ ಮೊದಲಿನಿಂದ ತಂದೆಯೊಡನೆ ಇರಲಿಲ್ಲ ಎನ್ನುವವರಿಗೆ ಉತ್ತರವಾಗಿ ಅದನ್ನು ಹಾಡಬೇಕು ಎಂದು. ಕಲಮಿನಿಂದ ಬಿದ್ದುಹೋದದ್ದು ಹಾಡಿನಲ್ಲಿ ಉಳಿದಿದೆ. ಮೆಥೊಡಿಸ್ಟರ ಧಾರೂರು ಜಾತ್ರೆಗೆ ಹೋಗುವ ಬೀದರ ಸೀಮೆಯ ಎಷ್ಟೋ ಜನ ಕಲಮುಗಳ ಪುಸ್ತಕವನ್ನು ಕಣ್ಣಿನಿಂದ ಕಂಡವರಲ್ಲ, ಹಾಡು ಮಾತ್ರ ಕಂಠಗತ.

(ಕ್ಲಾರ್ಕ್ ಇದ್ದಿದ್ದರೆ ಹೇಳುತ್ತಿದ್ದ: ಈಗ ಮಗನೆಂದು ಕರೆಯುವ ಆ ವ್ಯಕ್ತಿಗೆ ಮೊದಲಿನಿಂದ ಮಹಿಮೆ ಇತ್ತು ಎಂದಷ್ಟೇ ಅದರ ಅರ್ಥ ಎಂದು. ಸರಿಯೇ, ಹಾಗೂ ಓದಬಹುದು.)

*

ಈ ಪ್ರಶ್ನೆ ಸತ್ತಿಲ್ಲ. 1929ರಲ್ಲಿ ಲಂಡನ್ನಿನ ಹತ್ತಿರದ ಬಾರ್ನೆಟ್ಟಿನಲ್ಲಿ ಬ್ರದರನ್ ಪಂಗಡದ ಜೇಮ್ಸ್ ಟೇಲರ್, ಮಗನೆಂಬ ಹೆಸರು ಅವತಾರದಿಂದ ಮಾತ್ರ ಎಂದು ಕಲಿಸಿದ. ಅವನ ಕಡೆಯವರು 1932ರಲ್ಲಿ ತಮ್ಮ ಹಾಡಿನ ಪುಸ್ತಕವನ್ನೇ ತಿದ್ದಿಕೊಂಡರು. ಹಾಡಿನ ಶಕ್ತಿ ಅವರಿಗೆ ಗೊತ್ತಿತ್ತು ಎಂದಾಯಿತು.

ಕ್ಯಾಲಿಫೋರ್ನಿಯದ ಪ್ರಸಿದ್ಧ ಬೋಧಕ ಜಾನ್ ಮೆಕಾರ್ಥರ್ 1983ರ ಇಬ್ರಿಯ ಭಾಷ್ಯದಲ್ಲಿ ಅದೇ ಮಾತು ಬರೆದರು. 1999ರಲ್ಲಿ ಬಹಿರಂಗವಾಗಿ ಹಿಂತೆಗೆದುಕೊಂಡರು. ಅಷ್ಟು ಜನ ಕೇಳುತ್ತಿದ್ದ ಬೋಧಕ, ಪುಸ್ತಕ ಅಚ್ಚಾಗಿ ಹದಿನಾರು ವರ್ಷದ ಮೇಲೆ, ನಾನು ಹೇಳಿದ್ದು ಸರಿಯಲ್ಲ ಎಂದು ಬರೆಯುವುದು ಸಣ್ಣ ಸಂಗತಿಯಲ್ಲ. ಅವರ ಬೇರೆ ಎಷ್ಟೋ ಮಾತು ನನಗೆ ಒಪ್ಪಿಗೆಯಾಗದಿದ್ದರೂ ಇದಕ್ಕೆ ಕೈ ಮುಗಿಯುತ್ತೇನೆ.

2016ರಲ್ಲಿ ಅಮೆರಿಕದಲ್ಲಿ ಇದರ ಇನ್ನೊಂದು ಕವಲು ಒಡೆಯಿತು. ವೇನ್ ಗ್ರುಡೆಮ್, ಬ್ರೂಸ್ ವೇರ್ ಮೊದಲಾದವರ ವಾದ ಹೀಗೆ: ಮಗ ನಿತ್ಯವೂ ಮಗ, ಆದ್ದರಿಂದ ನಿತ್ಯವೂ ತಂದೆಗೆ ವಿಧೇಯ. ಅದಕ್ಕೇ ಹೆಂಡತಿ ಗಂಡನಿಗೆ ವಿಧೇಯಳಾಗಿರುವುದರಲ್ಲಿ ಕೀಳುತನವಿಲ್ಲ. ಇದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟೆ. ಮನೆಯ ಗಂಡಸಿನ ಯಜಮಾನಿಕೆಗೆ ಅನಾದಿಯ ಮುದ್ರೆ ಒತ್ತುವುದಕ್ಕೆ ಮಗನ ಹೆಸರನ್ನು ಬಳಸಿದಂತೆ ಕಂಡಿತು. ಮಗನಾಗಿರುವುದು ಎಂದರೆ ಅಪ್ಪಣೆ ಕೇಳುವುದು ಎಂದಾದರೆ, ಕ್ಲಾರ್ಕನ ಹೆದರಿಕೆ ನಿಜವೇ ಆಯಿತಲ್ಲ! ಆರಿಯಸನನ್ನು ಮುಂಬಾಗಿಲಿನಿಂದ ಕಳಿಸಿ ಹಿತ್ತಿಲ ಬಾಗಿಲಿನಿಂದ ಕರೆದಂತೆ. ಅಲ್ಲಿನ ವಿದ್ವಾಂಸರಲ್ಲೇ ಎಷ್ಟೋ ಮಂದಿ ಇದನ್ನು ಗಟ್ಟಿಯಾಗಿ ವಿರೋಧಿಸಿದರು. ತಂದೆಗೂ ಮಗನಿಗೂ ಇರುವ ಚಿತ್ತ ಒಂದೇ, ಒಂದೇ ಚಿತ್ತದಲ್ಲಿ ಅಪ್ಪಣೆ ಯಾರು ಯಾರಿಗೆ ಕೊಡುವುದು ಎಂದು ಕೇಳಿದರು. ಅದು ಸರಿಯಾದ ಪ್ರಶ್ನೆ.

*

ಮತ್ತೆ ಮಾಸ್ತರರು. ನೈಸಿಯದವರಿಗೆ ಅಷ್ಟು ಹಟ ಯಾಕೆ ಎಂದು ನೇರವಾಗಿ ಕೇಳಿದೆ. ಅವರು ಪೌಲನ ಗಲಾತ್ಯ ಪತ್ರಿಕೆಯ ನಾಲ್ಕನೆಯ ಅಧ್ಯಾಯ ತೆಗೆದರು. ದೇವರು ಮಗನನ್ನು ಕಳಿಸಿದ್ದು ನಾವೂ ಮಕ್ಕಳೆಂದು ದತ್ತಕವಾಗಲಿ ಎಂದು, ಅಲ್ಲಿನ ಮಾತಿನ ಸಾರ ಅಷ್ಟು.

"ನಮ್ಮಜ್ಜಗ ಊರಾಗ ಇಂಥವ್ರ ಮಗಾ ಅಂತ ಯಾರೂ ಕರೀತಿದ್ದಿಲ್ರಿ. ಕೇರಿ ಹೆಸರ್ ಹಿಡದ ಕೂಗ್ತಿದ್ರು. ಗೌಡ್ರ ಮನಿ ಸಣ್ಣ ಹುಡುಗ್ರೂ ಏಕವಚನ. ಆತಗ ಮೊದಲ ಸಲ ಮಗಾ ಅಂದಾಂವ ದೇವರು. ಈಗ ನೀವ ಹೇಳ್ರಿ, ಆ ದೇವರಿಗಿ ಮಗಾ ಅನ್ನೂದ ಗೊತ್ತಿದ್ದಿಲ್ಲ, ನಡುವ ಕಲತ ಅಂದ್ರ ಹ್ಯಾಂಗ?"

ಇಷ್ಟು ದಿನ ಓದಿದ್ದರಲ್ಲಿ ಸಿಗದಿದ್ದ ಎಳೆ ಇದರಲ್ಲಿ ಸಿಕ್ಕಿತು. ತಂದೆಯಾಗುವುದು ದೇವರಿಗೆ ಒಂದು ದಿನ ಬಂದ ಪದವಿಯಾದರೆ, ಅದರ ಹಿಂದೆ ತಂದೆಯಲ್ಲದ ಒಬ್ಬ ದೇವರು ಇದ್ದಾನೆ. ಆತ ಒಡೆಯನಾಗಿರಬಹುದು, ನ್ಯಾಯಾಧಿಪತಿಯಾಗಿರಬಹುದು, ಅಪ್ಪನಲ್ಲ. ಕೇರಿಯ ಹೆಸರು ಹಿಡಿದು ಕೂಗಿಸಿಕೊಂಡವರಿಗೆ ಒಡೆಯರ ಕೊರತೆ ಇರಲಿಲ್ಲ. ಒಡೆತನಕ್ಕಿಂತ ಮೊದಲೇ, ಲೋಕಕ್ಕಿಂತ ಮೊದಲೇ, ಅಪ್ಪನಾಗಿದ್ದವನ ಮನೆಗೆ ದತ್ತಕ ಹೋದೆವು ಎಂಬುದು ಅವರಿಗೆ ಬೇರೆಯದೇ ಸುದ್ದಿ. ಆಗ ವಾಟ್ಸನ್ ಕಾಯ್ದುಕೊಂಡದ್ದು ಬರೀ ಪಂಡಿತರ ಪದವಲ್ಲ ಎಂದು ಕಂಡಿತು.

*

ಕ್ಲಾರ್ಕನಿಗೂ ಕೊನೆಯ ಮಾತಿನ ಅವಕಾಶ ಕೊಡಬೇಕು. ಯೋಹಾನನ 17ನೆಯ ಅಧ್ಯಾಯದಲ್ಲಿ ಯೇಸು ಪ್ರಾರ್ಥಿಸುತ್ತಾ, ಲೋಕಕ್ಕೆ ಅಸ್ತಿವಾರ ಹಾಕುವ ಮೊದಲೇ ನೀನು ನನ್ನನ್ನು ಪ್ರೀತಿಸಿದೆ ಎಂಬರ್ಥದಲ್ಲಿ ಹೇಳುತ್ತಾನೆ, 24ನೆಯ ವಚನ. ಕ್ಲಾರ್ಕ್ ಇದನ್ನು ಅಲ್ಲಗಳೆಯಬೇಕಾಗಿಲ್ಲ. ಪ್ರೀತಿ ಇತ್ತು, ಅದು ವಾಕ್ಯದ ಮೇಲಿನ ಪ್ರೀತಿ, ಮಗ ಎಂಬ ಹೆಸರು ಆಮೇಲೆ ಬಂತು ಎಂದಾನು. ಪ್ರೀತಿ ಅನಾದಿಯಾದರೆ ಹೆಸರು ಯಾವಾಗ ಬಂದರೇನು ಎಂದು ಕೇಳಿಯಾನು.

ಇದಕ್ಕೆ ನನ್ನ ಹತ್ತಿರ ಇರುವ ಉತ್ತರ ಇಷ್ಟು. ಆ ವಚನ ಆರಂಭವಾಗುವುದೇ 'ತಂದೆಯೇ' ಎಂಬ ಕರೆಯಿಂದ. ಅದಕ್ಕೆ ಸ್ವಲ್ಪ ಮುಂಚೆ, ಐದನೆಯ ವಚನದಲ್ಲೂ, ಲೋಕ ಹುಟ್ಟುವ ಮೊದಲು ನಿನ್ನ ಬಳಿ ನನಗಿದ್ದ ಮಹಿಮೆ ಎಂದು ನೆನೆಯುವಾಗಲೂ, ಕರೆಯುವುದು ತಂದೆ ಎಂದೇ. ನೆನಪು ಲೋಕದ ಆಚೆಯದು, ಕರೆಯುವ ಹೆಸರು ಅದೇ. ಆಗ ಬೇರೆ ಹೆಸರಿತ್ತು, ಈಗ ಇದು ಎಂಬ ಸುಳಿವು ಆ ಪ್ರಾರ್ಥನೆಯಲ್ಲಿ ಎಲ್ಲೂ ಇಲ್ಲ. ಮೊಮ್ಮಗನಿಗೆ ತೋರಿಸಲು ಈ ಎರಡು ವಚನಗಳನ್ನು ಮಾಸ್ತರರಿಗೆ ಬರೆದುಕೊಟ್ಟಿದ್ದೇನೆ. ಲೂಕನ ಆ 'ಆದಕಾರಣ'ವನ್ನೂ ಪಕ್ಕದಲ್ಲೇ ಬರೆದಿದ್ದೇನೆ. ಹುಡುಗ ಎರಡನ್ನೂ ಓದಲಿ.